ಬರ್ನಡೆಟ್ ಬಾಯಿಯ ಏಳು ತಿಂಗಳ ಮಂಜು

“ಹಾರಲಿಕ್ಕೆ ಎಂತ, ಯಾರೂ ಹಾರಬಹುದು ಮಾಮಿ. ಹಾರಿದವನನ್ನು ನೀರಿನಿಂದ ಎತ್ತಿ ತರಲಿಕ್ಕೆ ಒಬ್ಬ ಬೇಕಲ್ಲ!”

ಮಾತು ಮನ್ವಿತಾ ಅವರದು. ಕೈಯಲ್ಲಿ ಕತ್ತರಿ, ಮಡಿಲಲ್ಲಿ ನೆನೆದ ಬೀಡಿ ಎಲೆ. ಎದುರಿಗೆ ಕಾಲು ಚಾಚಿ ಕೂತಿರುವ ಅತ್ತೆ ಸುಂದರಿ, ನೆರೆಯವರಿಗೆಲ್ಲ ಸುಂದರಕ್ಕ, ತಲೆ ಎತ್ತುವುದಿಲ್ಲ. ಅವರ ಬೆರಳುಗಳು ಒಂದು ಬೀಡಿ ಸುತ್ತಿ, ನೂಲು ಬಿಗಿದು, ಆಗಲೇ ಇನ್ನೊಂದಕ್ಕೆ ಹೋಗಿಯಾಗಿದೆ.

“ನಿನ್ನ ದೂಮಣ್ಣ ಬಂದರು ಬಿಡುವ ಮೊದಲೇ ವಾಂತಿ ಮಾಡುವವನು. ಅವನ ಸುದ್ದಿ ಬೆಳಿಗ್ಗೆ ಬೆಳಿಗ್ಗೆ ಬೇಡ.”

“ವಾಂತಿ ಮಾಡಿದರೆ ಎಂತಾಯ್ತು? ಮುಖ ತೊಳ್ಕೊಂಡು ಪುನಃ ಚುಕ್ಕಾಣಿ ಹಿಡೀತಾನಲ್ಲ.”

“ಮದುವೆಯಾಗಲಿಕ್ಕೆ ದೂಮಣ್ಣ ಸರಿ ಮಾರಾಯ್ತಿ. ಆದರೆ ಕೇಳಲಿಕ್ಕೆ ರಣಮಲ್ಲನೇ ಆಗಬೇಕು!”

ಜಗಲಿಯಲ್ಲಿ ನಗು. ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಉಂಟು. ಕುಲಶೇಖರದ ಈ ಓಣಿಯಲ್ಲಿ ಹಾಲಿನವನೂ ಬಂದಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಎಲೆ, ಹೊಗೆಸೊಪ್ಪು ಹಾಕಿದ ಮೊರದಂಥ ಐದು ಗೆರಸೆ, ಐದು ಜೊತೆ ಕೈ. ಹೊಸಬರು ಕೇಳಿದರೆ ದೂಮಣ್ಣ, ರಣಮಲ್ಲ ಅಂದರೆ ಆಚೆಮನೆ ಈಚೆಮನೆಯ ಗಂಡಸರು ಅಂದುಕೊಳ್ಳಬೇಕು. ಅಲ್ಲ. ಅವರಿಬ್ಬರೂ ನಾನೂರು ವರ್ಷ ಹಿಂದಿನ ಎರಡು ಯುದ್ಧದ ಹಡಗುಗಳ ನಾಯಕರು. ಅದೂ ಕಾದಂಬರಿಯೊಳಗಿನವರು.

ನಗದೆ ಕೂತವರು ಒಬ್ಬರೇ. ಗೋಡೆಗೆ ಒರಗಿಸಿದ ಮೋಟು ಕುರ್ಚಿ, ಮೂಗಿನ ತುದಿಗೆ ಜಾರಿದ ಕನ್ನಡಕ, ಮಡಿಲಲ್ಲಿ ಸುಮ್ಮನೆ ಮಲಗಿರುವ ಬಲಗೈ, ಎಡಗೈಯಲ್ಲಿ ಮುಖಪುಟವಿಲ್ಲದ ಒಂದು ಪುಸ್ತಕ. ಮಕ್ಕಳ ಗಲಾಟೆ ಮುಗಿಯಲಿ ಎಂದು ಕಾಯುವ ಟೀಚರಿನ ಹಾಗೆ ಕಾಯುತ್ತಾರೆ.

“ಆಯ್ತಾ ನಿಮ್ಮದು? ಓದಬಹುದಾ?”

ಇವರು ಬರ್ನಡೆಟ್ ಡಿ’ಸೋಜ. ವಯಸ್ಸು ಐವತ್ತೆಂಟು. ಈ ಜಗಲಿಗೆ ‘ಬಾಯಿ’. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ತುಳುವಿನವರು ಪ್ರೀತಿಯಿಂದ ಕರೆಯುವುದೇ ಹಾಗೆ. ಬೀಡಿ ಕಟ್ಟುವ ಐವರಿಗೆ ದಿನಕ್ಕೆ ಎರಡು ಹೊತ್ತು ಕತೆ ಓದಿ ಹೇಳುವುದು ಇವರ ಕೆಲಸ. ಹೌದು, ಕೆಲಸವೇ. ಅದಕ್ಕೆ ಸಂಬಳ ಉಂಟು. ಸಂಬಳ ಬೀಡಿಯಲ್ಲಿ.

ಅದು ಹೇಗೆ ಅಂತ ಹೇಳುತ್ತೇನೆ.

ಬರ್ನಡೆಟ್ ಬಾಯಿ ಕೂಡ ಬೀಡಿ ಕಟ್ಟಿದವರೇ. ಹದಿನಾರಕ್ಕೆ ಗೆರಸೆ ಹಿಡಿದವರು. ಕೈ ಚುರುಕಾಗಿದ್ದ ಕಾಲದಲ್ಲಿ ದಿನಕ್ಕೆ ಎಂಟುನೂರು ಕಟ್ಟುತ್ತಿದ್ದರು. ನಾಲ್ಕು ವರ್ಷ ಹಿಂದೆ, ಒಂದು ಜುಲೈ ತಿಂಗಳು, ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಬಲಗೈ ಊರಿ ಬಿದ್ದರು. ಮಣಿಕಟ್ಟಿನ ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ತಾಗುತ್ತವೆ, ಒತ್ತುವುದಿಲ್ಲ. ಬೀಡಿ ಸುತ್ತಲಿಕ್ಕೆ ಬೇಕಾದದ್ದು ಆ ಒತ್ತು.

“ಮೂರು ತಿಂಗಳು ನೋಡಿದೆ. ಸುತ್ತಿದ್ದೆಲ್ಲ ಸಡಿಲ. ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋದರೆ ಅರ್ಧ ವಾಪಸ್ ಬರ್ತಿತ್ತು. ಆಮೇಲೆ ಗೆರಸೆ ತೊಳೆದು ಅಟ್ಟಕ್ಕೆ ಹಾಕಿದೆ. ಇವರ ಹತ್ತಿರ ಸುಮ್ಮನೆ ಬಂದು ಕೂತ್ಕೊಳ್ತಿದ್ದೆ. ಮನೆಯಲ್ಲಿ ಒಬ್ಬಳೇ ಎಂತ ಮಾಡುದು?”

ಸುಮ್ಮನೆ ಕೂತವರ ಕೈಗೆ ಒಂದು ದಿನ ಸುಂದರಕ್ಕ ಪೇಪರ್ ಕೊಟ್ಟರಂತೆ. “ನಮ್ಮ ಕೈ ಬಿಡುವಿಲ್ಲ, ಕಿವಿ ಖಾಲಿ ಉಂಟು. ಓದಿ ಬಾಯಿ.” ಬಾಯಿ ಓದಿದರು. ಏಳನೆಯ ಕ್ಲಾಸಿನವರೆಗೆ ಸಿಸ್ಟರ್‌ಗಳ ಶಾಲೆ. ಆಮೇಲೆ ಮೂವತ್ತು ವರ್ಷ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಭಾನುವಾರದ ಪೂಜೆಗೆ ಕೊಂಕಣಿ ವಾಚನ. ನಮ್ಮಲ್ಲಿ ಕೊಂಕಣಿ ಬರೆಯುವುದು ಕನ್ನಡ ಅಕ್ಷರದಲ್ಲೇ ಆದ್ದರಿಂದ ಕಣ್ಣಿಗೆ ಅಕ್ಷರ, ಗಂಟಲಿಗೆ ಅಭ್ಯಾಸ, ಎರಡೂ ಇತ್ತು. ವಾರ ಕಳೆಯುವಾಗ ಸುಂದರಕ್ಕ ಒಂದು ತೀರ್ಮಾನ ಹೇಳಿದರು: ಐದು ಜನ, ತಲಾ ನಾಲ್ಕು ಕಟ್ಟು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಲೆಕ್ಕ ಹಾಕಿ, ದಿನಕ್ಕೆ ಐದುನೂರು. ಬ್ರಾಂಚಿನ ಪುಸ್ತಕದಲ್ಲಿ ಬರ್ನಡೆಟ್ ಹೆಸರು ಹಾಗೇ ಉಳಿಯಿತು. ಅವರ ಹೆಸರಿನ ಗೆರಸೆ ಅಟ್ಟದಿಂದ ಇಳಿದು ಬಂದು ಜಗಲಿಯ ಮಧ್ಯೆ ಕೂತಿತು. ದಿನ ಮುಗಿಯುವಾಗ ಅದರಲ್ಲಿ ಇಪ್ಪತ್ತು ಕಟ್ಟು ಇರುತ್ತದೆ.

ಉರ್ವದಲ್ಲಿರುವ ಮಗಳು ಬ್ರೆಂಡಾ ಆಸ್ಪತ್ರೆಯಲ್ಲಿ ನರ್ಸ್. “ಮಮ್ಮಿ, ನಮ್ಮೊಟ್ಟಿಗೆ ಬಂದು ಇರು. ಇನ್ನೊಬ್ಬರ ಬೀಡಿ ಯಾಕೆ?” ಎಂದು ಕೇಳುತ್ತಲೇ ಇರುತ್ತಾಳೆ. ಬಾಯಿಯ ಉತ್ತರ ಯಾವಾಗಲೂ ಒಂದೇ.

“ಇನ್ನೊಬ್ಬರದ್ದಲ್ಲ. ನಾನು ಓದಿದ್ದಕ್ಕೆ ಬಂದದ್ದು. ಓದದೆ ಒಂದು ಬೀಡಿ ಮುಟ್ಟಿದವಳಲ್ಲ ನಾನು.”

ಈ ಮಾತನ್ನು ನೆನಪಿಟ್ಟುಕೊಳ್ಳಿ.

ಜಗಲಿಯ ಮಾತುಕತೆಯೆಲ್ಲ ತುಳು. ಓದು ಮಾತ್ರ ಕನ್ನಡ. ಪೇಪರಿಗೆ ಬರೆಯಲೆಂದು ನಾನು ಹೋಗಿ ಕೂತ ಒಂದು ವಾರ, ನನಗೋಸ್ಕರ ಮಾತನ್ನೂ ಅವರು ಕನ್ನಡಕ್ಕೆ ತಂದರು. ಜಗಳ ಬಿಸಿಯಾದಾಗ ಮಾತ್ರ ತುಳುವಿಗೆ ಜಾರುತ್ತಿತ್ತು. ಬಿಸಿಯಾಗುವುದು ದಿನಕ್ಕೆ ನಾಲ್ಕು ಸಲ, ಕಾರಣ ಆ ಇಬ್ಬರು ಗಂಡಸರು.

ಪುಸ್ತಕಗಳು ಬಂದದ್ದು ಅರಾಫತ್ ಅವರಿಂದ. ನಲವತ್ತರ ಆಸುಪಾಸಿನ ಅರಾಫತ್ ರಿಕ್ಷಾ ಓಡಿಸುತ್ತಾರೆ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದುಹಾಕಿ ಕಟ್ಟಿದ ಬೀಡಿ ಕೊಂಡುಹೋಗುವವರೂ ಅವರೇ. ಎರಡೂವರೆ ವರ್ಷ ಹಿಂದೆ ಬಂದರಿನ ಕಡೆ ಅವರ ಭಾವನ ಗುಜರಿ ಅಂಗಡಿಯಲ್ಲಿ ಒಂದು ಕಟ್ಟು ಹಳೆಯ ಪುಸ್ತಕ ಕಂಡಿತು. ಒಟ್ಟು ಹನ್ನೊಂದು. ಯಾವುದಕ್ಕೂ ಮುಖಪುಟವಿಲ್ಲ. ಬರೆದವರು ಯಾರು, ಅಚ್ಚಾದದ್ದು ಎಲ್ಲಿ, ಒಂದೂ ಗೊತ್ತಿಲ್ಲ. ಒಳಗೆ ‘ಒಂದನೆಯ ಭಾಗ’, ‘ಎರಡನೆಯ ಭಾಗ’ ಅಂತ ಮಾತ್ರ ಉಂಟು. “ಚಿತ್ರ ನೋಡಿದೆ, ಹಡಗು ಇತ್ತು. ರದ್ದಿ ಕಾಗದಕ್ಕೆ ಹಾಕುದು ಬೇಡ, ಬಾಯಿಗೆ ಆಗ್ತದೆ ಅಂತ ತಂದೆ” ಎನ್ನುತ್ತಾರೆ ಅರಾಫತ್. ಈಗ ಬಾಯಿಯ ಕೈಯಲ್ಲಿರುವ ಒಂದು ಬಿಟ್ಟು ಉಳಿದ ಹತ್ತೂ ಬೀಡಿ ನೂಲಿನಲ್ಲಿ ಕಟ್ಟಿ ಸುಂದರಕ್ಕನ ಗೋಡೆ ಕಪಾಟಿನಲ್ಲಿ ಉಂಟು.

ಕತೆ ಪರಂಗಿಗಳ, ಅಂದರೆ ಪೋರ್ಚುಗೀಸರ, ಹಡಗುಗಳು ನಮ್ಮ ಕರಾವಳಿಯನ್ನು ಸುತ್ತುತ್ತಿದ್ದ ಕಾಲದ್ದು. ಒಂದು ಸಣ್ಣ ಅರಸುಮನೆ, ಅದಕ್ಕೊಂದು ಸಣ್ಣ ನೌಕಾಪಡೆ. ಪರಂಗಿ ಎಂಬ ಪದ ಬಂದ ಮೊದಲ ದಿನವೇ ಸುಂದರಕ್ಕ ಕೀಟಲೆ ಶುರುಮಾಡಿದ್ದರಂತೆ: “ಬಂದರು ನೋಡಿ ಬಾಯಿ, ನಿಮ್ಮ ನೆಂಟರು!” ಬಾಯಿ ಕನ್ನಡಕದ ಮೇಲಿನಿಂದ ನೋಡಿ, “ನಮ್ಮವರು ಗೋವೆಯಿಂದ ನಡೆದುಕೊಂಡು ಬಂದವರು ಮಾರಾಯ್ತಿ. ಹಡಗು ಎಲ್ಲಿತ್ತು ನಮಗೆ? ಚಪ್ಪಲಿಯೇ ಇರಲಿಲ್ಲ” ಅಂದರಂತೆ.

ರಣಮಲ್ಲ ಮೀಸೆಯವನು, ಹಾಡುಗಾರ. ಒಂದು ಹಡಗಿನ ಅಟ್ಟದಿಂದ ಇನ್ನೊಂದಕ್ಕೆ ಕತ್ತಿ ಕಚ್ಚಿಕೊಂಡು ಹಾರುವವನು. ಭಾಗಕ್ಕೆ ಮೂರು ಗಾಯ ಗ್ಯಾರಂಟಿ. ಹನ್ನೊಂದು ಭಾಗಗಳಲ್ಲಿ ಅವನ ನಾಲ್ಕು ಹಡಗು ಮುಳುಗಿವೆ. ದೂಮಣ್ಣ ಅವನ ಬಾಲ್ಯದ ಗೆಳೆಯ, ಬೋಳು ತಲೆ, ಮಾತು ಕಡಿಮೆ. ಬಂದರು ದಾಟುವಾಗ ಪ್ರತಿ ಸಲವೂ ಅವನ ಹೊಟ್ಟೆ ತೊಳಸುತ್ತದೆ. ಕುಡಿಯುವ ನೀರಿನ ಪೀಪಾಯಿಗಳಿಗೆ ತಾನೇ ಬೆರಳು ಅದ್ದಿ ನೋಡುತ್ತಾನೆ. ಸಂಜೆಗೆ ಎಲ್ಲರನ್ನೂ ಸಾಲು ನಿಲ್ಲಿಸಿ ತಲೆ ಎಣಿಸುತ್ತಾನೆ. ಮೂರನೆಯ ಭಾಗದಲ್ಲಿ ಒಬ್ಬ ಅಡುಗೆಯವನನ್ನು ಕಳೆದುಕೊಂಡ. ಎಂಟನೆಯ ಭಾಗದಲ್ಲೂ ಎಣಿಸುವಾಗ ಅವನ ಹೆಸರು ನಾಲಿಗೆಗೆ ಬರುತ್ತದೆ.

ಜಗಲಿ ಎರಡು ಪಾಲಾಗಲು ಇಷ್ಟು ಸಾಕು. ತಮಾಷೆ ಏನೆಂದರೆ, ಅರುವತ್ತನಾಲ್ಕರ ಸುಂದರಕ್ಕ ಹಾರುವವನ ಕಡೆ, ಇಪ್ಪತ್ತೊಂಬತ್ತರ ಸೊಸೆ ಎಣಿಸುವವನ ಕಡೆ. ಇಬ್ಬರು ಮಕ್ಕಳ ತಾಯಿ ಮನ್ವಿತಾ ಹೇಳುವುದು: “ಹಾರುವವನ ಮನೆಯಲ್ಲಿ ಹೆಂಡತಿ ಇಲ್ಲ, ಮಗು ಇಲ್ಲ. ಅದಕ್ಕೇ ಹಾರ್ತಾನೆ.” ಸುಂದರಕ್ಕ: “ಜೀವನ ಪೂರ್ತಿ ಎಣಿಸಿದ್ದೇ ಆಯ್ತಲ್ಲ ನಾನು, ಎಲೆ ಎಣಿಸು, ಕಟ್ಟು ಎಣಿಸು. ಕತೆಯಲ್ಲಿಯೂ ಎಣಿಸಬೇಕಾ?” ಇನ್ನೊಂದು ಮೂಲೆಯ ಜಾನೆಟ್ ಎರಡೂ ಪಕ್ಷಕ್ಕೆ ಸೇರದವರು. ಅವರಿಗೆ ಬೇಕಾದದ್ದು ಊಟದ ಭಾಗ. ಹಡಗಿನಲ್ಲಿ ಏನು ಬೇಯಿಸಿದರು ಎಂಬುದನ್ನು ಬಾಯಿ ಎರಡು ಸಲ ಓದಬೇಕು.

ಓದುವ ಧಾಟಿಯ ಬಗ್ಗೆ ಒಂದು ಮಾತು. ಮೂವತ್ತು ವರ್ಷದ ಇಗರ್ಜಿಯ ಅಭ್ಯಾಸ ನೋಡಿ, ರಣಮಲ್ಲ ಕತ್ತಿ ಸೆಳೆದರೂ, ಫಿರಂಗಿ ಸಿಡಿದರೂ, ಬಾಯಿಯ ದನಿ ಏರುವುದಿಲ್ಲ. ಬೈಬಲಿನ ಸಂತರ ಪತ್ರ ಓದುವ ಅದೇ ಗಾಂಭೀರ್ಯ. ಮೊದಮೊದಲು ನನಗೆ ನಗು ಬಂತು. ಎರಡನೆಯ ದಿನಕ್ಕೆ ತಿಳಿಯಿತು, ಆ ಸಮ ದನಿಯ ಮೇಲೆ ಐವರ ಬೆರಳುಗಳು ಓಡುತ್ತಿವೆ. ಅವರು ನಿಲ್ಲಿಸಿದರೆ ಬೆರಳು ನಿಲ್ಲುತ್ತದೆ. ರಿಕ್ಷಾದಲ್ಲಿ ಬಂದ ಅರಾಫತ್ ಎಂಜಿನ್ ಆಫ್ ಮಾಡಿ, ಕೆಳಗಿಳಿಯದೆ, ಭಾಗ ಮುಗಿಯುವವರೆಗೆ ಹಾಗೇ ಕೂತಿರುತ್ತಾರೆ. ಒಂದು ಕಾಲದಲ್ಲಿ ಈ ಜಗಲಿಯಲ್ಲಿ ಹದಿನಾಲ್ಕು ಗೆರಸೆ ಇತ್ತಂತೆ. ಈಗ ಐದು. ಬೀಡಿ ಕೆಲಸವೇ ಕಡಿಮೆಯಾಗುತ್ತಾ ಬಂದಿದೆ. ಆದರೂ ಬೆಳಗಿನ ಆರಕ್ಕೆ ಯಾರೂ ತಪ್ಪಿಸುವುದಿಲ್ಲ. “ಬೀಡಿ ಮನೆಯಲ್ಲಿಯೂ ಕಟ್ಟಬಹುದು. ದೂಮಣ್ಣ ಮನೆಗೆ ಬರ್ತಾನಾ?” ಎಂದು ಕೇಳುತ್ತಾರೆ ಜಾನೆಟ್.

ಮೂರನೆಯ ದಿನ ಓದು ಮುಗಿದ ಮೇಲೆ ಬಾಯಿ ತನ್ನ ಮನೆ ತೋರಿಸಲು ಕರೆದರು. ಓಣಿಯ ಕೊನೆಗೆ ಎರಡು ಕೋಣೆಯ ಹಂಚಿನ ಮನೆ, ಅದರ ಮುಂದೆಯೂ ಒಂದು ಪುಟ್ಟ ಜಗಲಿ. ದಾರಿಯಲ್ಲಿ ನಿಂತರು.

“ಒಂದು ವಿಷಯ ಹೇಳ್ತೇನೆ. ಬರೀಬೇಡಿ.”

ಆಗ ನಾನು ಪೆನ್ನು ಮುಚ್ಚಿದೆ. ಈಗ ಬರೆಯುತ್ತಿರುವುದು ಅವರ ಒಪ್ಪಿಗೆಯಿಂದಲೇ. ಒಪ್ಪಿಗೆ ಹೇಗೆ ಬಂತು ಅನ್ನುವುದು ಮುಂದೆ ಗೊತ್ತಾಗುತ್ತದೆ.

“ಹನ್ನೊಂದನೆಯ ಭಾಗ ಮುಗಿದು ಏಳು ತಿಂಗಳಾಯ್ತು. ಹನ್ನೆರಡು ಇಲ್ಲ.”

“ಮತ್ತೆ ಈಗ ಓದುತ್ತಿರುವುದು?”

“ನನ್ನದು,” ಅಂದರು. ಏನೋ ಕದ್ದು ಸಿಕ್ಕಿಬಿದ್ದವರ ದನಿ. “ಕೈಯಲ್ಲಿ ಹನ್ನೊಂದನೆಯದ್ದನ್ನೇ ಹಿಡ್ಕೊಳ್ತೇನೆ. ಪುಟ ತಿರುಗಿಸ್ತೇನೆ. ಬಾಯಿಗೆ ಬಂದದ್ದು ಹೇಳ್ತೇನೆ. ರಾತ್ರಿ ಮಲಗುವಾಗ ನಾಳೆಗೆ ಎಂತ ಅಂತ ಯೋಚನೆ ಮಾಡ್ಬೇಕಾಗ್ತದೆ. ಮುಗಿಯಿತು ಅಂತ ಹೇಳಿದರೆ ಓದಲಿಕ್ಕೆ ಎಂತ ಉಂಟು? ಓದದೆ ಬೀಡಿ ಹೇಗೆ ತಗೊಳ್ಳುದು? ಈಗ ತಗೊಳ್ಳುದೂ ಮೋಸವೇ ಅಲ್ವಾ. ಸುಳ್ಳು ಓದಿ.”

ಹನ್ನೊಂದನೆಯ ಭಾಗ ನಿಲ್ಲುವ ಜಾಗ ಹೀಗೆ: ಕಡಲ ಮೇಲೆ ದಟ್ಟ ಮಂಜು. ದೂಮಣ್ಣನ ಹಡಗಿನ ತುಂಬ ಗಾಯಾಳುಗಳು, ಎಂಬತ್ತು ಜನ. ಒಂದು ಕೂಗಳತೆ ದೂರದಲ್ಲಿ ರಣಮಲ್ಲನ ಹಡಗು ಹೊತ್ತಿ ಉರಿಯುತ್ತಿದೆ, ಸುತ್ತ ಪರಂಗಿಗಳು. ಗೆಳೆಯನ ಕಡೆ ಹಡಗು ತಿರುಗಿಸಿದರೆ ಎಂಬತ್ತು ಜೀವಕ್ಕೆ ಅಪಾಯ. ತಿರುಗಿಸದಿದ್ದರೆ ಗೆಳೆಯ ಹೋದ. ದೂಮಣ್ಣ ಚುಕ್ಕಾಣಿಯ ಮೇಲೆ ಕೈ ಇಡುತ್ತಾನೆ. ಅಲ್ಲಿಗೆ ಮುಗಿಯಿತು.

ಏಳು ತಿಂಗಳಿನಿಂದ ಬರ್ನಡೆಟ್ ಬಾಯಿ ಆ ಮಂಜನ್ನು ಎತ್ತಿಲ್ಲ. ಮಂಜಿನೊಳಗೇ ನೀರಿನ ಲೆಕ್ಕ ಹಾಕಿಸಿದ್ದಾರೆ, ಗಾಯಾಳುಗಳಿಗೆ ಗಂಜಿ ಕಾಯಿಸಿದ್ದಾರೆ, ಇಬ್ಬರು ಗೆಳೆಯರ ಬಾಲ್ಯವನ್ನು ಮೂರು ವಾರ ನೆನಪು ಮಾಡಿಸಿದ್ದಾರೆ. ದೂಮಣ್ಣನ ಕೈ ಮಾತ್ರ ಚುಕ್ಕಾಣಿಯ ಮೇಲೆ ಹಾಗೇ ಉಂಟು.

“ಏನಾದರೂ ಒಂದು ಮಾಡಿಸಬಹುದಿತ್ತಲ್ಲ?” ಎಂದೆ.

ಮನೆಯೊಳಗೆ ಏಸುವಿನ ಪಟದ ಪಕ್ಕದಲ್ಲಿರುವ ಫೋಟೋ ತೋರಿಸಿದರು. ಗುಂಗುರು ಕೂದಲಿನ, ಕ್ಯಾಮೆರಾಕ್ಕೆ ನಾಚಿದ ಗಂಡಸು. ಗಂಡ ಇಸಿದೋರ್. ಮೀನುಗಾರಿಕೆಯ ಬೋಟಿನಲ್ಲಿ ಎಂಜಿನ್ ನೋಡುತ್ತಿದ್ದವರು. ಇಪ್ಪತ್ತೆರಡು ವರ್ಷ ಹಿಂದೆ, ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿದ ಮೊದಲ ವಾರ, ಗಾಳಿ ಎದ್ದಿತು. ಎಂಜಿನ್ ಕೆಟ್ಟಿತು. ಹತ್ತಿರದಲ್ಲಿ ಇನ್ನೊಂದು ಬೋಟಿತ್ತು. ಅದರ ತಾಂಡೇಲ, ಅಂದರೆ ಬೋಟು ನಡೆಸುವ ಯಜಮಾನ, ಎರಡು ಸಲ ಹಗ್ಗ ಎಸೆದ. ಎರಡು ಸಲವೂ ಹಗ್ಗ ತುಂಡಾಯಿತು. ಅವನ ಬೋಟಿಗೂ ನೀರು ನುಗ್ಗತೊಡಗಿತ್ತು. ಅವನು ದಡಕ್ಕೆ ತಿರುಗಿಸಿದ. ಅವನ ಬೋಟಿನ ಒಂಬತ್ತೂ ಜನ ಮನೆಗೆ ಬಂದರು. ಇಸಿದೋರ್ ಬರಲಿಲ್ಲ. ದೇಹವೂ ಸಿಗಲಿಲ್ಲ.

“ಆ ತಾಂಡೇಲರು ಈಗಲೂ ಇದ್ದಾರೆ. ಹೆಸರು ಬೇಡ. ನನಗೆ ಸಿಟ್ಟಿಲ್ಲ. ಒಂಬತ್ತು ಮನೆಯಲ್ಲಿಯೂ ಹೆಂಗಸರಿದ್ದರಲ್ಲ, ನನ್ನ ಹಾಗೆ. ಈಗ ನಾನು ದೂಮಣ್ಣನನ್ನು ಗೆಳೆಯನ ಕಡೆ ತಿರುಗಿಸಿದರೆ, ಅವರೂ ಹಾಗೆ ತಿರುಗಬೇಕಿತ್ತು ಅಂತ ಹೇಳಿದ ಹಾಗಾಯ್ತು. ತಿರುಗಿಸದಿದ್ದರೆ, ಇಸಿದೋರ್ ಹೋದದ್ದು ಸರಿ ಅಂತ ನಾನೇ ಹೇಳಿದ ಹಾಗಾಯ್ತು. ಎರಡೂ ನನ್ನ ಬಾಯಿಂದ ಬರುದಿಲ್ಲ. ಅದಕ್ಕೇ ಮಂಜು.”

ಚಾ ಕುಡಿದು ಎದ್ದೆ.

ಮರುದಿನ ಬಾಯಿ ಬರುವುದು ಸ್ವಲ್ಪ ತಡವಾಯಿತು. ಸುಂದರಕ್ಕ ಗೆರಸೆಯ ಮೇಲೆ ಬಗ್ಗಿ ದನಿ ತಗ್ಗಿಸಿದರು.

“ನಿನ್ನೆ ನಿಮ್ಮನ್ನು ಕರ್ಕೊಂಡು ಹೋಗಿ ಹೇಳಿದ್ರಾ?”

“ಏನನ್ನು?”

“ಹೇಳಿದ್ದಾರೆ. ಮುಖದಲ್ಲಿ ಗೊತ್ತಾಗ್ತದೆ. ನಮಗೂ ಗೊತ್ತುಂಟು. ಮೊದಲ ವಾರವೇ ಗೊತ್ತಾಗಿದೆ.”

ಹೇಗೆ ಗೊತ್ತಾಯಿತು ಎಂದು ಕೇಳಿದ್ದೇ ತಡ, ಐವರೂ ಒಟ್ಟಿಗೆ ಶುರು. ಫಿರಂಗಿಯ ಮದ್ದಿನ ಪುಡಿ ಒಣಗದ ಹಾಗೆ ದೂಮಣ್ಣ ಅದನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟನಂತೆ! “ನಾವು ಎಲೆ ಇಡುವ ಹಾಗೆ!” ಮನ್ವಿತಾ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. “ಹೊರಗೆ ರಿಕ್ಷಾದಲ್ಲಿ ಅರಾಫತಣ್ಣ ಕೇಳಿ, ಒದ್ದೆ ಮದ್ದು ಹೇಗೆ ಹೊಡೀತದೆ ಅಂತ ತಲೆ ಕೆರ್ಕೊಂಡ್ರು.” ಬಾಣಗಳನ್ನು ಇಪ್ಪತ್ತೈದು ಇಪ್ಪತ್ತೈದರ ಕಟ್ಟು ಮಾಡಿ ಜೋಡಿಸಿದರಂತೆ. ಹನ್ನೊಂದು ಭಾಗದಲ್ಲಿ ಇಲ್ಲದ ಗಂಜಿ, ಒಣಮೀನಿನ ಚಟ್ನಿ ಈ ಏಳು ತಿಂಗಳಲ್ಲಿ ದಿನಾ ಬಂತಂತೆ. “ಅದು ನಾನು ಕೇಳ್ತೇನೆ ಅಂತ ಹಾಕುದು, ಪಾಪ” ಎಂದರು ಜಾನೆಟ್. ಪುಸ್ತಕದ ಒಂದು ಪುಟದಲ್ಲಿ ಚಾದ ಕಲೆ ಉಂಟು. ಆ ಕಲೆ ಏಳು ತಿಂಗಳಲ್ಲಿ ಆರು ಸಲ ಬಂದು ಹೋಗಿದೆ.

“ಮತ್ತೆ ಯಾಕೆ ಹೇಳಲಿಲ್ಲ?”

ಸುಂದರಕ್ಕ ಕೈಯಲ್ಲಿದ್ದ ಬೀಡಿಯ ತುದಿ ಮಡಚಿದರು.

“ಹೇಳಿದರೆ ನಾಳೆಯಿಂದ ಬರುದಿಲ್ಲ. ಓದಿದ್ದಕ್ಕೆ ಅಂತ ಐದುನೂರು ತಗೊಳ್ತಾರೆ. ಸುಮ್ಮನೆ ಕೊಟ್ಟರೆ ಒಂದು ಮುಟ್ಲಿಕ್ಕಿಲ್ಲ. ನೀವು ಅವರನ್ನು ನೋಡಿದ್ದು ನಾಲ್ಕು ದಿನ. ನಾನು ನೋಡಿದ್ದು ನಲವತ್ತು ವರ್ಷ. ಅವರ ಗಂಡ ಇಸಿದೋರ್ ಪೊರ್ಬುಗಳು ಕಡಲಿನಲ್ಲಿ ತೀರಿದ ವರ್ಷ, ಅಕ್ಕಿ ಕೊಂಡುಹೋದರೆ ಬಾಗಿಲಿನಲ್ಲಿಯೇ ವಾಪಸ್ ಕಳಿಸಿದ ಹೆಂಗಸು ಅದು.”

ಓಣಿಯಲ್ಲಿ ಚಪ್ಪಲಿಯ ಸದ್ದು. ಐವರೂ ಗಪ್‌ಚಿಪ್. ಬಾಯಿ ಬಂದು ಕೂತು, ಹನ್ನೊಂದನೆಯ ಭಾಗ ತೆರೆದು, ಅಕ್ಷರದ ಮೇಲೆ ಬೆರಳಿಟ್ಟು ಹೇಳತೊಡಗಿದರು: “ಮಂಜು ಹಾಗೇ ಇತ್ತು...” ಯಾರೂ ನಗಲಿಲ್ಲ. ಬೆರಳುಗಳು ಓಡಿದವು.

ಶನಿವಾರ ಬೆಳಿಗ್ಗೆ ಅರಾಫತ್ ರಿಕ್ಷಾ ನಿಲ್ಲಿಸಿದವರು ಎಂದಿನ ಹಾಗೆ ಒಳಗೆ ಕೂರಲಿಲ್ಲ. ಕೈಯಲ್ಲಿ ಪೇಪರು ಸುತ್ತಿದ ಪೊಟ್ಟಣ ಹಿಡಿದು ನೇರ ಜಗಲಿ ಹತ್ತಿದರು.

“ಬಾಯಿ, ಸಿಕ್ಕಿತು! ಭಾವನ ಅಂಗಡಿಗೆ ಇನ್ನೊಂದು ಚೀಲ ಬಂದಿತ್ತು. ತಳದಲ್ಲಿ ಇತ್ತು. ನೋಡಿ, ಹನ್ನೆರಡು! ಹನ್ನೊಂದು ಮುಗಿದು ಏಳು ತಿಂಗಳಾಯ್ತಲ್ಲ, ಅವತ್ತಿಂದ ಹುಡುಕ್ತಾ ಇದ್ದೇನೆ.”

ಮನ್ವಿತಾ ಅವರನ್ನು ನೋಡಿದ ನೋಟಕ್ಕೆ ಪಾಪದ ಮನುಷ್ಯ ಎರಡು ಹೆಜ್ಜೆ ಹಿಂದೆ ಹೋದರು. ತಾನು ಮಾಡಿದ ತಪ್ಪೇನೆಂದು ಅವರಿಗೆ ತಿಳಿಯಲಿಲ್ಲ. ಜಗಲಿಯಲ್ಲಿ ಹತ್ತೂ ಕೈಗಳು ನಿಂತಿದ್ದವು.

ಬಾಯಿ ಪೊಟ್ಟಣ ಬಿಚ್ಚಿದರು. ಇದಕ್ಕೂ ಮುಖಪುಟ ಇಲ್ಲ. ‘ಹನ್ನೆರಡನೆಯ ಮತ್ತು ಕೊನೆಯ ಭಾಗ’. ಪುಸ್ತಕವನ್ನು ತೆರೆಯದೆ ಮಡಿಲಲ್ಲಿಟ್ಟು, ಸೊಟ್ಟ ಕೈಯಿಂದ ತನ್ನ ಗೆರಸೆಯನ್ನು ಸುಂದರಕ್ಕನ ಕಡೆ ತಳ್ಳಿದರು.

“ಒಂದು ಮಾತು ಹೇಳ್ಲಿಕ್ಕುಂಟು ಸುಂದರಿ. ಏಳು ತಿಂಗಳಿನಿಂದ ನಾನು ಓದಿದ್ದು ಯಾವುದೂ ಪುಸ್ತಕದಲ್ಲಿ ಇರಲಿಲ್ಲ. ನಿಮ್ಮ ಬೀಡಿ ನಾನು ಸುಳ್ಳು ಹೇಳಿ ತಗೊಂಡದ್ದು. ಅದನ್ನು ವಾಪಸ್ ಕಟ್ಟಿ ಕೊಡ್ಲಿಕ್ಕೂ ನನ್ನ ಕೈಯಲ್ಲಿ ಆಗುದಿಲ್ಲ.”

ಕೊನೆಯ ಮಾತಿಗೆ ದನಿ ನಡುಗಿತು. ಫಿರಂಗಿ ಸಿಡಿದಾಗ ನಡುಗದ ದನಿ.

ಸುಂದರಕ್ಕ ಗೆರಸೆಯನ್ನು ನೋಡಿದರು, ಬಾಯಿಯನ್ನು ನೋಡಿದರು.

“ಒದ್ದೆ ಗೋಣಿಯಲ್ಲಿ ಮದ್ದು ಸುತ್ತಿದ ದಿನವೇ ನಮಗೆ ಗೊತ್ತಾಗಿದೆ ಬಾಯಿ.”

“ಹಾಂ?”

“ಬಾಣವನ್ನು ಇಪ್ಪತ್ತೈದರ ಕಟ್ಟು ಯಾರು ಕಟ್ತಾರೆ? ಬ್ರಾಂಚಿಗೆ ಕೊಡ್ಲಿಕ್ಕುಂಟಾ?” ಎಂದರು ಮನ್ವಿತಾ.

“ಮತ್ತೆ ನಮ್ಮ ಕಡಲಲ್ಲಿ ಏಳು ತಿಂಗಳ ಮಂಜು ಎಲ್ಲಿಯದು ಮಾರಾಯ್ರೆ?” ಇದು ಬಾಗಿಲಿನಿಂದ ಅರಾಫತ್. ಅವರಿಗೀಗ ಧೈರ್ಯ ಬಂದಿತ್ತು.

ಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಭುಜ ಕುಲುಕಿತು. ಅಳುತ್ತಿದ್ದಾರೋ ನಗುತ್ತಿದ್ದಾರೋ ಎಂದು ನಾವು ನೋಡುತ್ತಿರುವಾಗಲೇ ಸೆರಗು ಸರಿಯಿತು. ಎರಡೂ ಇತ್ತು.

“ಕಳ್ಳಿಯರು! ಎಲ್ಲರೂ ಕಳ್ಳಿಯರು!”

“ನೀವು ಹೇಳಿದ್ದಕ್ಕೆ ನಾವು ಕೊಟ್ಟದ್ದು. ಪುಸ್ತಕದವನು ಹೇಳಿದ್ದಕ್ಕೆ ಅಲ್ಲ,” ಎಂದರು ಸುಂದರಕ್ಕ. “ನಿಮ್ಮ ದೂಮಣ್ಣ ನನ್ನ ರಣಮಲ್ಲನ ಬಗ್ಗೆ ಮೂರು ವಾರ ಮಾತಾಡಿದ್ದಾನೆ. ಪುಸ್ತಕದ ದೂಮಣ್ಣ ಹನ್ನೊಂದು ಭಾಗದಲ್ಲಿ ಅಷ್ಟು ಮಾತಾಡ್ಲಿಲ್ಲ.”

ಎಲ್ಲರ ಕಣ್ಣೂ ಮಡಿಲ ಮೇಲಿನ ಪುಸ್ತಕದ ಮೇಲೆ. ಅದರೊಳಗೆ ಉತ್ತರ ಉಂಟು. ಬರೆದವನು ಯಾರೋ, ಅವನು ದೂಮಣ್ಣನ ಕೈಯನ್ನು ಎತ್ತ ತಿರುಗಿಸಿದನೋ. ಬಾಯಿಯ ಬೆರಳು ಅಂಚನ್ನು ಮುಟ್ಟಿತು, ಹಿಂದೆ ಬಂತು.

ಆಗ ಮನ್ವಿತಾ ಹೇಳಿದರು: “ಬಾಯಿ, ಮಂಜು ಕಟ್ಟಿದವರು ನೀವು. ಎತ್ತುವವರೂ ನೀವೇ ಆಗಬೇಕು. ಮೊದಲು ನಿಮ್ಮದು ಮುಗಿಸಿ. ಆಮೇಲೆ ಅವನದ್ದು.”

ಬಾಯಿ ಕನ್ನಡಕ ತೆಗೆದರು. ಎರಡೂ ಪುಸ್ತಕಗಳನ್ನು ನೆಲದ ಮೇಲಿಟ್ಟರು. ನಾಲ್ಕು ವರ್ಷಗಳಲ್ಲಿ ಮೊದಲ ಸಲ ಕೈಯಲ್ಲಿ ಏನೂ ಇಲ್ಲದೆ ಹೇಳತೊಡಗಿದರು. ದನಿ ಅದೇ, ಸಂತರ ಪತ್ರದ್ದು.

ಮಂಜು ಸರಿಯಿತು. ದೂಮಣ್ಣ ಹಿಂದೆ ನೋಡಿದ. ಎಂಬತ್ತು ಜನ ಅವನ ಮುಖ ನೋಡುತ್ತಿದ್ದರು. ಅವನು ಹಡಗನ್ನು ದಡಕ್ಕೆ ತಿರುಗಿಸಿದ. ಬಂದರು ಬಂತು. ಎಂಬತ್ತು ಜನರನ್ನೂ ಎಣಿಸಿ ಇಳಿಸಿದ. ಅರಮನೆಯಿಂದ ಪಲ್ಲಕ್ಕಿ ಬಂದಿತ್ತು, ಹತ್ತಲಿಲ್ಲ. ಹೆಂಡತಿ ಹಡಗು ಕಟ್ಟುವ ದಕ್ಕೆಯಲ್ಲಿ ನಿಂತಿದ್ದಳು, ಮನೆಗೂ ಹೋಗಲಿಲ್ಲ. ಒದ್ದೆ ಬಟ್ಟೆಯಲ್ಲೇ ರಣಮಲ್ಲನ ತಾಯಿಯ ಮನೆಗೆ ನಡೆದ. ಜಗಲಿಯಲ್ಲಿ ಕೂತ. ‘ಅಮ್ಮ, ನಾನು ಅವನನ್ನು ಬಿಟ್ಟು ಬಂದೆ’ ಅಂದ. ಎಷ್ಟು ಹೊತ್ತಿಗೆ, ಎಷ್ಟು ದೂರದಲ್ಲಿ, ಗಾಳಿ ಯಾವ ಕಡೆಗಿತ್ತು, ಕೊನೆಗೆ ಅವನು ಹೇಗೆ ನಿಂತಿದ್ದ, ಒಂದನ್ನೂ ಬಿಡದೆ ಹೇಳಿದ. ತಾಯಿ ಎಲ್ಲ ಕೇಳಿದಳು. ಕೇಳಿ, ಒಳಗೆ ಹೋಗಿ, ಮಗನ ಒಣ ಬಟ್ಟೆ ತಂದು ಅವನಿಗೆ ಕೊಟ್ಟಳು.

“ಮುಗಿಯಿತು,” ಎಂದರು ಬರ್ನಡೆಟ್ ಬಾಯಿ.

ಸುಂದರಕ್ಕನ ಕೈಯೆಲ್ಲ ಹೊಗೆಸೊಪ್ಪಿನ ಪುಡಿ. ಕಣ್ಣನ್ನು ಭುಜಕ್ಕೆ ಒರೆಸಿಕೊಂಡರು.

“ರಣಮಲ್ಲ?” ಅರಾಫತ್ ಮೆಲ್ಲಗೆ ಕೇಳಿದರು. “ಸತ್ತನಾ, ಬದುಕಿದನಾ?”

“ಅದು ನನಗೆ ಗೊತ್ತಿಲ್ಲ ಅರಾಫತ್. ದೂಮಣ್ಣನಿಗೂ ಗೊತ್ತಿಲ್ಲ. ಪುಸ್ತಕದವನಿಗೆ ಗೊತ್ತಿರಬಹುದು. ಓದಲಾ ಈಗ?”

“ಬೇಡ,” ಎಂದರು ಸುಂದರಕ್ಕ. “ನಾಳೆ ಆದಿತ್ಯವಾರ. ಸೋಮವಾರ ಓದಿ. ಇವತ್ತಿಗೆ ಇದೇ ಇರಲಿ.”

ಪೆನ್ನು ಮುಚ್ಚಿದ ದಿನದ ಮಾತನ್ನು ನೆನಪಿಸಿ, ಇದನ್ನೆಲ್ಲ ಬರೆಯಬಹುದೇ ಎಂದು ಬಾಯಿಯನ್ನು ಕೇಳಿದೆ.

“ಬರೀರಿ. ಆ ತಾಂಡೇಲರು ಪೇಪರ್ ಓದುವವರಾದರೆ ಓದಲಿ. ಮಾರ್ಕೆಟಿನಲ್ಲಿ ನನ್ನನ್ನು ಕಂಡರೆ ಆಚೆ ಸಾಲಿಗೆ ಹೋಗ್ತಾರೆ, ಇಪ್ಪತ್ತೆರಡು ವರ್ಷ ಆಯ್ತು. ಯಾಕೆ ವಾಪಸ್ ತಿರುಗಲಿಲ್ಲ ಅಂತ ನಾನು ಕೇಳುದಿಲ್ಲ. ಇಸಿದೋರ್ ಕೊನೆಗೆ ಹೇಗೆ ನಿಂತಿದ್ರು ಅಂತ ಒಂದು ಮಾತು ಹೇಳಿದರೆ ಸಾಕು. ನನ್ನ ಮನೆಗೂ ಜಗಲಿ ಉಂಟು. ಚಾ ಮಾಡ್ತೇನೆ.”

ಮನ್ವಿತಾ ಎರಡು ಪುಸ್ತಕಗಳನ್ನೂ ನೆಲದಿಂದ ಎತ್ತಿ, ಧೂಳು ಕೊಡವಿ, ಉಳಿದ ಹತ್ತರ ಜೊತೆ ಸೇರಿಸಿ ನೂಲು ಬಿಗಿದರು. ಸುಂದರಕ್ಕ ಆ ದಿನದ ಮೊದಲ ಇಪ್ಪತ್ತೈದನ್ನು ಎಣಿಸಿ ಕಟ್ಟಿದರು. ಬಾಯಿ ತಳ್ಳಿದ್ದ ಗೆರಸೆಯನ್ನು ಸುಂದರಕ್ಕನೇ ಕಾಲಿನಿಂದ ಪುನಃ ಜಗಲಿಯ ಮಧ್ಯಕ್ಕೆ ಸರಿಸಿ, ಕಟ್ಟನ್ನು ಅದರೊಳಗೆ ಹಾಕಿದರು.